ಕುಟುಂಬವೆಂದರೆ ನಾಲ್ವರಂತೆ!

ಬೇಸಿಗೆಯ ರಜೆ ಬಂದಿತೆಂದರೆ ಮಕ್ಕಳಿರುವ ಮನೆಗಳಲ್ಲಿ ಒಂದು ಬಗೆಯ ಪ್ರೀತಿಯ ಕಲಹ ಆರಂಭವಾಗುವುದು ಓದುಗ ಬಂಧುಗಳಿಗೆ ತಿಳಿಯದ ಸಂಗತಿಯೇನಲ್ಲ. ನಾವು ಬಾಲಕರಾಗಿದ್ದಾಗ ರಜೆಯೆಂದರೆ ಅಜ್ಜಿಯ ಊರು. ಹಾವೇರಿ ಸೀಮೆಯ ಹೊಲ, ಹುಣಸೆಯ ತೋಪು, ಊರ ಮುಂದಿನ ಕೆರೆ. ಇಷ್ಟರಲ್ಲಿಯೇ ಎರಡು ತಿಂಗಳು ಕಳೆದುಹೋಗುತ್ತಿದ್ದವು. ಇಂದು ಆ ಊರಿನ ಮನೆಗೆ ಬೀಗ ಬಿದ್ದಿದೆ. ಮಕ್ಕಳ ಅಜ್ಜಿ, ಎಂದರೆ ನಮ್ಮ ತಾಯಿಯವರು, ಹಲಸೂರಿನ ನಮ್ಮ ಮನೆಯ ಎರಡನೆಯ ಮಹಡಿಯಲ್ಲಿ ನಮ್ಮೊಡನೆಯೇ ಇದ್ದಾರೆ. ಹೀಗಾಗಿ ಮಕ್ಕಳು ರಜೆಗೆ ಹೋಗುವ ಊರು ಯಾವುದು ಎಂಬ ಪ್ರಶ್ನೆ ವರ್ಷ ವರ್ಷವೂ ಏಳುತ್ತದೆ. 2025ರ ಬೇಸಿಗೆಯಲ್ಲಿ ಅದಕ್ಕೆ ದೊರೆತ ಉತ್ತರ, ನಗರದಾಚೆಯ ಒಂದು ಥೀಮ್ ಪಾರ್ಕು.

ಅದರ ಹೆಸರು ಇಲ್ಲಿ ಬೇಡ. ಹೆಸರು ಬರೆದು ಜಗಳ ತೆಗೆಯುವ ಉದ್ದೇಶ ನಮಗಿಲ್ಲ. ಅಲ್ಲಿ ನಾವು ಕಂಡದ್ದು ಇನ್ನೂ ಹಲವು ಕಡೆ ಇದ್ದೇ ಇರುತ್ತದೆ ಎಂಬುದೂ ನಮಗೆ ತಿಳಿದಿದೆ.

ಒಂದು ದಿನದ ಟಿಕೇಟು ಕೊಳ್ಳುವುದಕ್ಕಿಂತ ವರ್ಷದ ಪಾಸು ಕೊಂಡರೆ ಲಾಭ ಎಂದು ಲೆಕ್ಕ ಹಾಕಿ ತೋರಿಸಿದವಳು ಎಂಟನೆಯ ತರಗತಿಗೆ ಕಾಲಿಡಲಿದ್ದ ನಮ್ಮ ಮಗಳು. ಮೂರು ಸಲ ಹೋದರೆ ಪಾಸಿನ ಹಣ ಹುಟ್ಟುತ್ತದೆ, ನಾಲ್ಕನೆಯದೆಲ್ಲ ಪುಕ್ಕಟೆ ಎಂಬುದು ಅವಳ ಗಣಿತ. ಗಣಿತ ಸರಿಯಾಗಿಯೇ ಇತ್ತು. ಪಾಸಿನ ಹೆಸರೂ ನಮಗೆ ಹಿಡಿಸಿತು: ಕುಟುಂಬದ ಪಾಸು. ಮೊಬೈಲಿನಲ್ಲಿಯೇ ಹಣ ಕಟ್ಟಿದೆವು. ಕೆಳಗೆ ಸಾಸಿವೆ ಕಾಳಿನಷ್ಟು ಸಣ್ಣ ಅಕ್ಷರದಲ್ಲಿ ನಿಯಮಗಳಿದ್ದವು. ಅವನ್ನು ಓದಲಿಲ್ಲ. ಓದಿದ್ದರೆ ಈ ಲೇಖನ ಬರೆಯುವ ಪ್ರಸಂಗ ಬರುತ್ತಿರಲಿಲ್ಲವೆಂದು ನಮ್ಮ ಮನೆಯವರು ಈಗಲೂ ಹೇಳುತ್ತಾರೆ. ಅದಕ್ಕೆ ನಮ್ಮಲ್ಲಿ ಉತ್ತರವಿಲ್ಲ.

ಏಪ್ರಿಲ್ ಮೊದಲ ಭಾಗದ ಒಂದು ಶನಿವಾರ ಹೊರಟೆವು. ತಾಯಿಯವರು ನಸುಕಿನಲ್ಲಿಯೇ ಎದ್ದು, ಲಿಂಗಪೂಜೆ ಮುಗಿಸಿ, ಸೊಸೆಯೊಡನೆ ಕುಳಿತು ಜೋಳದ ರೊಟ್ಟಿ ಬಡಿದು, ಶೇಂಗಾ ಚಟ್ನಿ, ಎಣ್ಣೆಗಾಯಿ ಪಲ್ಯ, ಮೊಸರು ಎಲ್ಲವನ್ನೂ ಬುತ್ತಿ ಕಟ್ಟಿದ್ದರು. ಪಾರ್ಕಿಗೆ ಒಂದು ಫರ್ಲಾಂಗು ಇರುವಾಗಲೇ ಕೆಂಪು ಬಾವುಟ ಹಿಡಿದ ಹುಡುಗನೊಬ್ಬ ಕಾರನ್ನು ಬಯಲಿಗೆ ತಿರುಗಿಸಿದ. ಅಲ್ಲಿ 150 ರೂಪಾಯಿಯ ಚೀಟಿ. ಪಾಸು ಇದೆಯಲ್ಲ ಎಂದೆವು. "ಪಾಸು ನಿಮಗೆ ಸಾರ್, ಗಾಡಿಗಲ್ಲ" ಎಂದ. ಒಪ್ಪಿದೆವು. ಜಾಗ ಅವರದು, ಕಾವಲು ಅವರದು. ಬಾಡಿಗೆ ಕೇಳುವುದರಲ್ಲಿ ಅನ್ಯಾಯವೇನಿದೆ? ಆದರೆ ಆ ಬಯಲಿನಲ್ಲಿ ಒಂದು ಮರವಿರಲಿಲ್ಲ, ತಗಡಿನ ನೆರಳೂ ಇರಲಿಲ್ಲ, ಅಲ್ಲಿಂದ ಬಾಗಿಲಿನವರೆಗೆ ತಾಯಿಯವರು ಎರಡು ಕಡೆ ನಿಂತು ಸುಧಾರಿಸಿಕೊಳ್ಳಬೇಕಾಯಿತು ಎಂಬುದನ್ನು ಮಾತ್ರ ಹೇಳದಿರಲಾಗದು.

ಬಾಗಿಲಲ್ಲಿ ಗೋಡೆಗೆ ಒಂದು ಅಳತೆಯ ಪಟ್ಟಿ ಬಳಿದಿದ್ದರು. ಅಲ್ಲಿ ವಯಸ್ಸನ್ನು ಕೇಳುವುದಿಲ್ಲ, ಎತ್ತರವನ್ನು ಅಳೆಯುತ್ತಾರೆ. ಕೆಂಪು ಗೆರೆಗಿಂತ ಕೆಳಗಿದ್ದರೆ ಮಗು, ಮೇಲಿದ್ದರೆ ದೊಡ್ಡವರು. ನಮ್ಮ ಮೆಟ್ರೋ ರೈಲಿನಲ್ಲಿಯೂ ಮೂರಡಿಗಿಂತ ಕಡಿಮೆ ಎತ್ತರದ ಮಕ್ಕಳಿಗೆ ಟಿಕೇಟಿಲ್ಲ. ಆದುದರಿಂದ ಈ ಪದ್ಧತಿಯನ್ನು ವಿಚಿತ್ರವೆನ್ನುವಂತಿಲ್ಲ. ಮಗ ಸುಲಭವಾಗಿ ಗೆರೆಯ ಕೆಳಗೆ ನಿಂತ. ಮಗಳ ಸರದಿ ಬಂದಾಗ ನಮ್ಮ ಕಣ್ಣು ಅವಳ ಕಣ್ಣು ಕೂಡಿದವು. ಏನೂ ಹೇಳಲಿಲ್ಲ. ಆದರೂ ಅವಳು ಮೊಣಕಾಲನ್ನು ಒಂದಿಷ್ಟು ಬಗ್ಗಿಸಿದಳು. ತರಗತಿಯಲ್ಲಿ ಎಲ್ಲರಿಗಿಂತ ಎತ್ತರವೆಂದು ಹೆಮ್ಮೆ ಪಡುತ್ತಿದ್ದ ಹುಡುಗಿ, ಅಪ್ಪನ ಜೇಬಿನ ಮೇಲಿನ ಕರುಣೆಯಿಂದ ಕುಗ್ಗಿ ನಿಂತಳು. ಹಿಂದಿನಿಂದ ತಾಯಿಯವರ ಧ್ವನಿ ಬಂತು: "ನೆಟ್ಟಗ ನಿಂದ್ರವ್ವಾ. ಎತ್ತರ ಬೆಳದದ್ದು ಏನ್ ತಪ್ಪಲ್ಲ."

ನೆಟ್ಟಗೆ ನಿಂತಳು. ಗೆರೆ ದಾಟಿತು. ಹೆಚ್ಚಿನ ಹಣ ಕಟ್ಟಿದೆವು. ಆ ಕ್ಷಣದಲ್ಲಿ ನಮ್ಮ ಮುಖ ನೋಡುವ ಧೈರ್ಯ ನಮಗೇ ಇರಲಿಲ್ಲ.

ಅನಂತರದ ಪ್ರಶ್ನೆ ತಾಯಿಯವರದು. ಕುಟುಂಬದ ಪಾಸಿನಲ್ಲಿ ಅವರ ಹೆಸರಿಗೆ ಸ್ಥಳವಿಲ್ಲ. ಕುಟುಂಬವೆಂದರೆ ಇಬ್ಬರು ದೊಡ್ಡವರು, ಇಬ್ಬರು ಮಕ್ಕಳು, ಐದನೆಯವರು ಅತಿಥಿ. ಅತಿಥಿಗೆ ಪೂರ್ತಿ ಟಿಕೇಟು. ಹಿರಿಯರಿಗಿರುವ ರಿಯಾಯಿತಿ ಶನಿವಾರ ಮತ್ತು ಭಾನುವಾರಗಳಲ್ಲಿ ಇಲ್ಲ. ಎಪ್ಪತ್ತೆರಡರ ವೃದ್ಧೆ ಯಾವ ತೊಟ್ಟಿಲನ್ನೂ ಏರುವವರಲ್ಲ, ಯಾವ ನೀರಿಗೂ ಇಳಿಯುವವರಲ್ಲ, ಕಲ್ಲು ಬೆಂಚಿನ ಮೇಲೆ ಕುಳಿತು ಮೊಮ್ಮಕ್ಕಳು ನಗುವುದನ್ನು ನೋಡುವವರು ಎಂದು ವಿವರಿಸಿದೆವು. ಕಿಟಕಿಯ ಹಿಂದಿನ ಹೆಣ್ಣುಮಗಳು ಸೌಜನ್ಯದಿಂದಲೇ ಕೇಳಿದಳು. ಕಂಪ್ಯೂಟರಿನಲ್ಲಿ ಹಾಗೆ ಬರುವುದಿಲ್ಲ ಎಂದಳು. "ನಂದೇನೈತಪ್ಪಾ, ನಾ ಹೊರಗ ಕುಂದರ್ತೀನಿ, ನೀವು ಹೋಗಿ ಬರ್ರಿ" ಎಂದು ತಾಯಿಯವರು ಸೆರಗು ಸರಿಪಡಿಸಿಕೊಂಡು ಆಗಲೇ ಹಿಂದಕ್ಕೆ ಹೊರಟಿದ್ದರು. ಹಣ ದೊಡ್ಡದಲ್ಲ. ಆದರೆ ಮಗನ ಕುಟುಂಬದಲ್ಲಿ ತಾವು ಇಲ್ಲವೆಂಬುದನ್ನು ಅವರು ಇಷ್ಟು ಸುಲಭವಾಗಿ ಒಪ್ಪಿಕೊಂಡರಲ್ಲ, ಅದು ನಮ್ಮನ್ನು ಬಹಳ ಹೊತ್ತು ಕಾಡಿತು. ಟಿಕೇಟು ಕೊಂಡು ಕೈಹಿಡಿದು ಕರೆತಂದೆವು.

ತಪಾಸಣೆಯ ಚೌಕಟ್ಟಿನ ಬಳಿ ಇನ್ನೊಂದು ತೊಡಕು ಕಾದಿತ್ತು. ತಾಯಿಯವರು ದಾಟುತ್ತಲೇ ಯಂತ್ರ ಕೂಗಿತು. ಕೊರಳಲ್ಲಿ ಬೆಳ್ಳಿಯ ಕರಡಿಗೆ. ಅದನ್ನು ತೆಗೆದು ಪ್ಲಾಸ್ಟಿಕ್ಕಿನ ತಟ್ಟೆಯಲ್ಲಿಡಬೇಕೆಂದು ಕಾವಲಿನ ಯುವಕ ಹೇಳಿದ. ಈ ಪತ್ರಿಕೆಯ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ದೀಕ್ಷೆಯ ದಿನದಿಂದ ಅಂಗದಿಂದ ಅಗಲದ ಇಷ್ಟಲಿಂಗವನ್ನು, ಮೊಬೈಲು, ಬೀಗದ ಕೈ, ಸೊಂಟದ ಪಟ್ಟಿ ಬಿದ್ದಿರುವ ತಟ್ಟೆಯಲ್ಲಿ ಇಡುವುದೆಂದರೇನು? ತಾಯಿಯವರು ಕರಡಿಗೆಯನ್ನು ಎರಡೂ ಕೈಗಳಿಂದ ಮುಚ್ಚಿಕೊಂಡು ನಿಂತುಬಿಟ್ಟರು. ಸಾಲು ಹಿಂದೆ ಬೆಳೆಯತೊಡಗಿತು. ಯುವಕ ಮೆಲ್ಲನೆ, "ನಮ್ಮವ್ವನ ಕೊಳ್ಳಾಗೂ ಅದ ಅಮ್ಮಾ, ನಂಗ ಗೊತ್ತದ. ಆದ್ರ ಮ್ಯಾಲ ಕ್ಯಾಮೆರಾ ಅದರೀ" ಎಂದ. ಕಲಬುರಗಿ ಕಡೆಯ ಮಾತು. ಅವನ ಮೇಲೆ ಸಿಟ್ಟು ಮಾಡುವುದು ಹೇಗೆ? ಬೆಳಗಿನಿಂದ ಬಿಸಿಲಲ್ಲಿ ನಿಂತವನು. ನಮ್ಮ 150 ರೂಪಾಯಿಯಲ್ಲಿ ಅವನಿಗೆ ಐದು ರೂಪಾಯಿ ಸೇರುತ್ತದೆಯೋ ಇಲ್ಲವೋ. ಕೊನೆಗೆ ಹಿರಿಯ ಕಾವಲುಗಾರ್ತಿಯೊಬ್ಬಳು ಬಂದು, ತಾಯಿಯವರನ್ನು ಪರದೆಯ ಹಿಂದೆ ಕರೆದೊಯ್ದು, ನೋಡಿ, ಕೈಮುಗಿದು ಬಿಟ್ಟಳು. ನಿಯಮ ಹಾಗೆಯೇ ಉಳಿಯಿತು. ಒಬ್ಬ ಹೆಣ್ಣುಮಗಳ ಒಳ್ಳೆಯತನದಿಂದ ಆ ಹೊತ್ತು ಕಳೆಯಿತು.

ಅವಳ ಒಳ್ಳೆಯತನ ಬುತ್ತಿಯವರೆಗೆ ಬರಲಿಲ್ಲ. ಹೊರಗಿನ ಆಹಾರ ನಿಷಿದ್ಧ. ರೊಟ್ಟಿಯ ಗಂಟು ಮತ್ತೆ ಆ ಬಯಲಿಗೆ, ಕಾದ ಕಾರಿನೊಳಗೆ ಹೋಯಿತು. ಒಮ್ಮೆ ಒಳಗೆ ಬಂದವರು ಹೊರಹೋದರೆ ಮತ್ತೆ ಪ್ರವೇಶವಿಲ್ಲವಾದ್ದರಿಂದ ಮಧ್ಯಾಹ್ನ ಹೋಗಿ ಉಂಡು ಬರುವಂತೆಯೂ ಇರಲಿಲ್ಲ. ಒಳಗಿನ ಅಂಗಡಿಯಲ್ಲಿ ಒಂದೇ ಕಟ್ಟೆಯ ಮೇಲೆ ಸಸ್ಯಾಹಾರ, ಮಾಂಸಾಹಾರ ಎರಡೂ. ತಾಯಿಯವರು ಸಂಜೆಯವರೆಗೆ ಎರಡು ಲೋಟ ಮಜ್ಜಿಗೆಯಲ್ಲಿ ಕಳೆದರು. 2023ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಚಿತ್ರಮಂದಿರಗಳ ಮೊಕದ್ದಮೆಯೊಂದರಲ್ಲಿ, ಹೊರಗಿನ ತಿಂಡಿಯನ್ನು ತಡೆಯುವ ಹಕ್ಕು ಮಾಲೀಕರಿಗಿದೆ ಎಂದು ತೀರ್ಪಿತ್ತಿತು. ಜೊತೆಗೆ ಕುಡಿಯುವ ನೀರನ್ನು ಪುಕ್ಕಟೆಯಾಗಿ ಕೊಡಬೇಕು, ಹಸುಗೂಸುಗಳಿಗಾಗಿ ತಂದ ಆಹಾರವನ್ನು ತಡೆಯಬಾರದು ಎಂದೂ ಹೇಳಿತು. ಅದು ಚಿತ್ರಮಂದಿರದ ಮಾತು. ಹಸುಗೂಸಿಗೆ ಅಲ್ಲಿ ತೋರಿದ ಕರುಣೆ ಹಣ್ಣಾದ ಜೀವಗಳಿಗೂ ಒಂದು ದಿನ ದೊರೆಯಬಾರದೇಕೆ ಎಂದು ಮಜ್ಜಿಗೆಯ ಲೋಟ ಹಿಡಿದು ಕುಳಿತ ಅವರನ್ನು ಕಂಡು ನಮಗನ್ನಿಸಿತು.

ಮಕ್ಕಳು ಮಾತ್ರ ಅಪಾರ ಸಂತೋಷಪಟ್ಟರು. ಅದನ್ನು ಮುಚ್ಚಿಟ್ಟರೆ ಸುಳ್ಳಾದೀತು. ನೀರಿನಲ್ಲಿ ಜಾರಿ ಬೀಳುವಾಗ ಮಗ ಹಾಕಿದ ಕೂಗು ಹಲಸೂರಿಗೆ ಕೇಳಿಸಿರಬೇಕು.

ಎರಡನೆಯ ಭೇಟಿಯ ವಿಷಯದಲ್ಲಿ ತಪ್ಪಿನ ಅರ್ಧ ಪಾಲು ನಮ್ಮದೇ. ಏಪ್ರಿಲ್ 30, ಬುಧವಾರ, ಬಸವ ಜಯಂತಿ. ಬೆಳಿಗ್ಗೆ ಪೂಜೆ, ಮೆರವಣಿಗೆ, ಪ್ರಸಾದ ಎಲ್ಲವೂ ಆದವು. ಮಗಳು ಮಕ್ಕಳ ಕಾರ್ಯಕ್ರಮದಲ್ಲಿ ಆಯ್ದಕ್ಕಿ ಲಕ್ಕಮ್ಮನ ಕಥೆ ಹೇಳಿ ಮೆಚ್ಚುಗೆ ಪಡೆದಳು. ಬಹುಮಾನವಾಗಿ ಏನು ಬೇಕೆಂದು ಕೇಳಿದ್ದೇ ತಡ, ಪಾಸಿನ ನೆನಪು ತೆಗೆದರು. ಅಂತಹ ದಿನ ಮನೆಯಲ್ಲಿ ಕುಳಿತು ನಾಲ್ಕು ಒಳ್ಳೆಯ ಮಾತು ಆಡುವುದನ್ನು ಬಿಟ್ಟು ನೀರಾಟಕ್ಕೆ ಹೊರಟದ್ದು ಉಚಿತವಲ್ಲವೆಂದು ಈಗ ಹೇಳಬಹುದು. ಆಗ ಹೊಳೆಯಲಿಲ್ಲ. ಬಯಲು, ಚೀಟಿ, 150 ರೂಪಾಯಿ. ಬಾಗಿಲಿಗೆ ಹೋದರೆ, ಸರ್ಕಾರಿ ರಜೆಯ ದಿನಗಳಲ್ಲಿ ವರ್ಷದ ಪಾಸು ನಡೆಯುವುದಿಲ್ಲ! ಆ ದಿನದ ಟಿಕೇಟು ಬೇರೆ ಕೊಳ್ಳಬೇಕು. ಶಾಲೆಗೆ ರಜೆ, ಕಚೇರಿಗೆ ರಜೆ, ಕುಟುಂಬವೆಲ್ಲ ಒಟ್ಟಿಗೆ ಸಿಗುವ ದಿನವೇ ಕುಟುಂಬದ ಪಾಸಿಗೂ ರಜೆ. ನಾವು ನಕ್ಕುಬಿಟ್ಟೆವು. ಮಗ ಅತ್ತ.

ಹಿಂದಿರುಗಿ ಬಂದು, ಒಳಗೆ ಹೋಗಲೇ ಇಲ್ಲ, ಕಾರು ನಿಂತದ್ದು ಅರ್ಧ ಗಂಟೆ, ವಾಹನದ ಹಣವನ್ನಾದರೂ ಕೊಡಿ ಎಂದು ಕೇಳಿದೆವು. ಹುಡುಗ ಚೀಟಿಯ ಹಿಂಬದಿ ತೋರಿಸಿದ. ಕೊಟ್ಟ ಹಣ ಹಿಂದಿರುಗಿಸಲಾಗುವುದಿಲ್ಲ. ವಾಹನಕ್ಕೂ ಅದರೊಳಗಿನ ವಸ್ತುಗಳಿಗೂ ಮಾಲೀಕರೇ ಹೊಣೆ. ಈ ಎರಡನೆಯ ಸಾಲು ನಮ್ಮನ್ನು ಹೆಚ್ಚು ಕೆಣಕಿತು. ಕಳೆದುಹೋದರೆ ಅವರ ಹೊಣೆಯಲ್ಲವೆಂದ ಮೇಲೆ ನಾವು ಹಣ ಕೊಟ್ಟದ್ದು ಯಾವ ಸೇವೆಗೆ? ಬರಿಯ ನೆಲಕ್ಕೇ?

ವಕೀಲ ಮಿತ್ರರೊಬ್ಬರನ್ನು ವಿಚಾರಿಸಿದಾಗ ಕೆಲವು ಸಂಗತಿಗಳು ತಿಳಿದವು. ದೆಹಲಿಯ ಹೋಟೆಲೊಂದರಲ್ಲಿ 1998ರಲ್ಲಿ ಅತಿಥಿಯೊಬ್ಬರು ಕಾರಿನ ಕೀಲಿಯನ್ನು ಹೋಟೆಲಿನವರ ಕೈಗೆ ಕೊಟ್ಟು ಒಳಗೆ ಹೋದರು, ಕಾರು ಕಳುವಾಯಿತು. ಮಾಲೀಕರೇ ಹೊಣೆಯೆಂದು ಚೀಟಿಯಲ್ಲಿ ಅಚ್ಚಾಗಿದೆ ಎಂಬುದು ಹೋಟೆಲಿನವರ ವಾದ. 2019ರ ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು, ಕಾರನ್ನು ತನ್ನ ವಶಕ್ಕೆ ಪಡೆದವನು ಅದನ್ನು ಎಚ್ಚರದಿಂದ ಕಾಯಬೇಕು, ತನ್ನ ಅಲಕ್ಷ್ಯಕ್ಕೆ ಚೀಟಿಯ ಸಾಲನ್ನು ಗುರಾಣಿ ಮಾಡಿಕೊಳ್ಳಲಾಗದು ಎಂದು ನಿರ್ಣಯಿಸಿತು. ಆ ತೀರ್ಪನ್ನು ಬರೆದವರು ನಮ್ಮ ಹಾವೇರಿ ಜಿಲ್ಲೆಯವರೇ ಆದ ನ್ಯಾಯಮೂರ್ತಿ ಮೋಹನ ಶಾಂತನಗೌಡರ್. 2021ರಲ್ಲಿ ಅವರು ನಮ್ಮನ್ನಗಲಿದರು. ಇದನ್ನು ಹೇಳಿದಾಗ ತಾಯಿಯವರ ಮುಖ ಅರಳಿತು. ಮರುಕ್ಷಣವೇ, "ಆದ್ರ ತಮ್ಮಾ, ನಮ್ಮ ಗಾಡಿ ಕೀಲಿ ನಿನ್ನ ಕಿಸೆದಾಗ ಇತ್ತಲ್ಲೋ?" ಎಂದರು. ವಕೀಲರೂ ಹೇಳಿದ್ದು ಅದನ್ನೇ. ಕೀಲಿ ನಮ್ಮ ಬಳಿಯೇ ಇದ್ದರೆ ವಾದ ಅಷ್ಟು ಸಲೀಸಲ್ಲ. ಮಾಲ್‌ಗಳಲ್ಲಿ ವಾಹನ ನಿಲುಗಡೆಗೆ ಹಣ ವಸೂಲು ಮಾಡುವಂತಿಲ್ಲವೆಂದು ಗುಜರಾತ್ ಉಚ್ಚ ನ್ಯಾಯಾಲಯ 2019ರಲ್ಲಿ ಹೇಳಿದೆ. ಕಟ್ಟಡ ಕಟ್ಟಲು ಅನುಮತಿ ಪಡೆಯುವಾಗ ವಾಹನಗಳಿಗೆಂದು ತೋರಿಸಿದ ಜಾಗ ಬಂದವರ ಅನುಕೂಲಕ್ಕಾಗಿ ಇರುವುದು, ಅದನ್ನೇ ಆದಾಯದ ಮಾರ್ಗ ಮಾಡಿಕೊಳ್ಳಬಾರದು ಎಂಬ ಆ ವಿಚಾರ ನಮಗೆ ಬಹಳ ಒಪ್ಪಿಗೆಯಾಯಿತು.

ಅಂದು ಅತ್ತ ಮಗನನ್ನು ಸಮಾಧಾನಪಡಿಸಲು ನೇರವಾಗಿ ಮನೆಗೆ ಬಾರದೆ ಕೃಷ್ಣರಾಜಪುರದಲ್ಲಿರುವ ನಮ್ಮ ತಂಗಿಯ ಮನೆಗೆ ಹೋದೆವು. ತೂಗುಸೇತುವೆಯ ಬಳಿ ಎಂದಿನಂತೆ ಮುಕ್ಕಾಲು ಗಂಟೆ ನಿಂತೆವು. (ಅಲ್ಲಿ ರಸ್ತೆಯೇ ವಾಹನ ನಿಲ್ದಾಣ, ಶುಲ್ಕವಿಲ್ಲ.) ಸಂಜೆ ಭಾವನವರು ವೆಂಗಯ್ಯನ ಕೆರೆಯ ಮಾತು ತೆಗೆದರು. ಕೆರೆ ಅಭಿವೃದ್ಧಿ ಪ್ರಾಧಿಕಾರವು 2002ರಲ್ಲಿ ಸ್ಥಾಪನೆಯಾದ ತರುವಾಯ ಹೆಬ್ಬಾಳ, ನಾಗವಾರ, ಅಗರದ ಕೆರೆಗಳ ಜೊತೆಗೆ ಕೃಷ್ಣರಾಜಪುರದ ಈ ಕೆರೆಯನ್ನೂ ಖಾಸಗಿಯವರಿಗೆ ಗುತ್ತಿಗೆ ಕೊಡಲು ಮುಂದಾಗಿತ್ತು. ಕೆರೆಯ ದಂಡೆಯಲ್ಲಿ ಮನರಂಜನೆ, ಅದಕ್ಕೆ ಪ್ರವೇಶ ಶುಲ್ಕ. ಇದನ್ನು ಪ್ರಶ್ನಿಸಿ 2008ರಲ್ಲಿ ಎನ್ವಿರಾನ್‌ಮೆಂಟ್ ಸಪೋರ್ಟ್ ಗ್ರೂಪ್ ಸಂಸ್ಥೆಯವರು ಉಚ್ಚ ನ್ಯಾಯಾಲಯಕ್ಕೆ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹಾಕಿದರು, ನ್ಯಾಯಮೂರ್ತಿ ಎನ್.ಕೆ. ಪಾಟೀಲರ ಅಧ್ಯಕ್ಷತೆಯಲ್ಲಿ ಕೆರೆಗಳ ಸಂರಕ್ಷಣೆಗೆ ಸಮಿತಿಯಾಯಿತು. 2012ರ ಏಪ್ರಿಲಿನಲ್ಲಿ ತೀರ್ಪು ಬಂದಿತು. ಭಾವನವರು ಇದನ್ನೆಲ್ಲ ವಿವರಿಸುವಾಗ ತಾಯಿಯವರು ನಡುವೆಯೇ ತಡೆದು, "ಕೆರಿಗೂ ಟಿಕೀಟೇನು?" ಎಂದು ಕೇಳಿದರು. ತಮ್ಮ ಊರಿನ ಕೆರೆಯಲ್ಲಿ ದನ ತೊಳೆದವರು, ಬಟ್ಟೆ ಒಗೆದವರು, ಐದು ಮಕ್ಕಳಿಗೆ ಈಜು ಕಲಿಸಿದವರು ಕೇಳಿದ ಪ್ರಶ್ನೆ ಅದು. ನಾವು ಥೀಮ್ ಪಾರ್ಕಿನ ಮೇಲೆ ಮುನಿಯುವಾಗ ಈ ಮಾತನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ. ಮಕ್ಕಳು ನೀರಿಗಿಳಿಯಬಹುದಾದ ಕೆರೆಯೊಂದು ಹತ್ತಿರದಲ್ಲಿದ್ದಿದ್ದರೆ ನಾವು ಆ ಬಯಲಿಗೆ ಏಕೆ ಹೋಗುತ್ತಿದ್ದೆವು? ನಮ್ಮ ಹಲಸೂರು ಕೆರೆಯ ನೀರಿಗೆ ಮಕ್ಕಳನ್ನು ಇಳಿಸುವ ಮಾತೇ ಇಲ್ಲ. ಅದರ ದಂಡೆಯ ಗುರುದ್ವಾರದಲ್ಲಿ ಮಾತ್ರ ಯಾರು ಹೋದರೂ ತಟ್ಟೆ ಕೊಟ್ಟು ಊಟ ಬಡಿಸುತ್ತಾರೆ, ಎತ್ತರ ಅಳೆಯುವುದಿಲ್ಲ. ಸಿದ್ಧಗಂಗೆಯ ದಾಸೋಹವನ್ನು ಕಂಡವರಿಗೆ ಆ ಪಂಕ್ತಿ ಅಪರಿಚಿತವೆನಿಸದು.

ದಾಸೋಹದ ಮಾತು ಬಂದದ್ದರಿಂದ ಒಂದು ತಪ್ಪೊಪ್ಪಿಗೆಯನ್ನೂ ಇಲ್ಲಿಯೇ ಮಾಡಿಬಿಡುವುದು ಲೇಸು. ಸಮಾಜ ಬಾಂಧವರು ನಡೆಸುವ ಕಲ್ಯಾಣ ಮಂಟಪವೊಂದರ ಕಾರ್ಯಕಾರಿ ಸಮಿತಿಯಲ್ಲಿ ನಾವೂ ಒಬ್ಬರು. ಎರಡು ವರ್ಷಗಳ ಹಿಂದೆ ಮಂಟಪದ ಹಿಂಬದಿಯ ಜಾಗವನ್ನು ವಾಹನ ನಿಲುಗಡೆಗೆಂದು ಗುತ್ತಿಗೆಗೆ ಕೊಟ್ಟೆವು. ಮದುವೆಗೆ ಬಂದ ಬೀಗರು, ಆಶೀರ್ವದಿಸಲು ಬಂದ ಹಿರಿಯರು, ಎಲ್ಲರಿಂದಲೂ ಗೇಟಿನಲ್ಲಿ ಹಣ ಪಡೆಯಲಾಗುತ್ತಿತ್ತು. ಮಂಟಪದ ಬಾಡಿಗೆ ಕಟ್ಟಿದ ಹೆಣ್ಣಿನ ತಂದೆಗೆ ಇದು ತಿಳಿಯುತ್ತಿದ್ದುದು ಮುಹೂರ್ತದ ದಿನವೇ, ಅದೂ ಬೀಗರ ಬಾಯಿಂದ. ಆ ಗುತ್ತಿಗೆಯ ಕಾಗದಕ್ಕೆ ನಮ್ಮ ಸಹಿಯೂ ಇದೆ. ಥೀಮ್ ಪಾರ್ಕಿನ ಚೀಟಿ ಓದುವವರೆಗೆ ಅದು ನಮಗೆ ತಪ್ಪೆನಿಸಿರಲಿಲ್ಲ.

ಬಸವ ಜಯಂತಿಯ ರಾತ್ರಿ ಇದನ್ನು ಮನೆಯಲ್ಲಿ ಹೇಳಿಕೊಂಡೆವು. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಮಾರಯ್ಯ, ಒಂದು ದಿನ ವಾಡಿಕೆಗಿಂತ ಹೆಚ್ಚು ತಂದಾಗ ಲಕ್ಕಮ್ಮ ಅದನ್ನು ಹಿಂದಕ್ಕೆ ಸುರಿದು ಬರಲು ಕಳುಹಿಸಿದ ಕಥೆಯನ್ನು ಬೆಳಿಗ್ಗೆಯಷ್ಟೇ ಸಭೆಯಲ್ಲಿ ಹೇಳಿದ್ದ ಮಗಳು, "ಹಾಗಾದರೆ ಮಂಟಪದ ಹಣವನ್ನೂ ವಾಪಸ್ಸು ಕೊಡಬೇಕಲ್ಲಪ್ಪಾ?" ಎಂದಳು. ನಮ್ಮ ಮನೆಯವರು ಅಡುಗೆಮನೆಯಿಂದ ಇಣುಕಿ ನೋಡಿದರು.

ಜೂನ್ ತಿಂಗಳ ಸಭೆಯಲ್ಲಿ ವಿಷಯವನ್ನು ಮಂಡಿಸಿದೆವು. ವಾಹನ ಶುಲ್ಕವನ್ನು ಪೂರ್ತಿ ತೆಗೆಯಬೇಕೆಂಬ ನಮ್ಮ ಸಲಹೆಗೆ ಬೆಂಬಲ ಸಿಗಲಿಲ್ಲ. ಖಜಾಂಚಿಗಳು ಎದ್ದು, ಇಬ್ಬರು ಕಾವಲುಗಾರರ ಸಂಬಳ ಆ ಹಣದಿಂದಲೇ ಹೋಗುತ್ತಿದೆ, ಅದನ್ನು ಮಂಟಪದ ಬಾಡಿಗೆಗೆ ಸೇರಿಸಿದರೆ ಬಡವರ ಮದುವೆಗೆ ಭಾರವಾಗುತ್ತದೆ, ಕಾರಿನಲ್ಲಿ ಬರುವವರು ಕೊಟ್ಟರೆ ತಪ್ಪೇನು ಎಂದು ಕೇಳಿದರು. ಆ ಮಾತಿನಲ್ಲಿ ಹುರುಳಿತ್ತು, ಎದುರಾಡಲಾಗಲಿಲ್ಲ. ಕೊನೆಗೆ ಶುಲ್ಕವೆಷ್ಟೆಂಬುದನ್ನು ಬಾಡಿಗೆಯ ರಸೀತಿಯಲ್ಲಿಯೂ ಗೇಟಿನ ಹೊರಗೆ ದೊಡ್ಡ ಕನ್ನಡ ಅಕ್ಷರದಲ್ಲಿಯೂ ಬರೆಸುವುದೆಂದು, ವೃದ್ಧರನ್ನು ಬಾಗಿಲವರೆಗೆ ಕರೆತಂದು ಇಳಿಸುವ ವಾಹನಕ್ಕೆ ಹಣ ಪಡೆಯಬಾರದೆಂದು, ಚೀಟಿಯ ಹಿಂಬದಿಯ ಹೊಣೆಯ ಸಾಲನ್ನು ತೆಗೆಯುವುದೆಂದು ತೀರ್ಮಾನವಾಯಿತು. ಹಲಗೆ ಬಂದಿದೆ. ಚೀಟಿಗಳು ಹಳೆಯವೇ, ಮುದ್ರಿಸಿದ ಕಟ್ಟು ಮುಗಿಯಲಿ ಎಂದು ಗುತ್ತಿಗೆದಾರರು ಹೇಳುತ್ತಿದ್ದಾರೆ.

ಇತ್ತ ಥೀಮ್ ಪಾರ್ಕಿನವರಿಗೂ ಒಂದು ಪತ್ರ ಬರೆದೆವು. ಹಿರಿಯರೊಬ್ಬರನ್ನು ಕುಟುಂಬದ ಪಾಸಿನಲ್ಲಿ ಸೇರಿಸಿಕೊಳ್ಳಿರಿ, ರಜೆಯ ನಿಯಮವನ್ನು ಹಣ ಕಟ್ಟುವ ಮೊದಲೇ ಕಾಣುವಂತೆ ಬರೆಯಿರಿ, ವಾಹನದ ಹಣ ಪಡೆಯುವ ಹುಡುಗನೇ ಅಂದು ಪಾಸು ನಡೆಯುತ್ತದೆಯೋ ಇಲ್ಲವೋ ತಿಳಿಸಲಿ, ಕೊರಳಿನ ಕರಡಿಗೆಯನ್ನು ತಟ್ಟೆಗೆ ಹಾಕಿಸಬೇಡಿರಿ, ಇಷ್ಟೇ ವಿಷಯ. ಕನ್ನಡದಲ್ಲಿ, ಕೋಪವಿಲ್ಲದೆ ಬರೆದಿದ್ದೆವು. ಆ ಬಳಿಕ ಆ ಕಡೆ ಹೋಗಲಿಲ್ಲ. ರವಿವಾರಗಳಲ್ಲಿ ಹಲಸೂರಿನಿಂದ ಮೆಟ್ರೋ ಹತ್ತಿ ಮೂರನೆಯ ನಿಲ್ದಾಣದಲ್ಲಿ ಇಳಿದು ಕಬ್ಬನ್ ಉದ್ಯಾನದಲ್ಲಿ ಅಡ್ಡಾಡಿ ಬರುತ್ತಿದ್ದೇವೆ. ತಾಯಿಯವರಿಗೆ ಮೆಟ್ರೋದ ಮೆಟ್ಟಿಲಿಗಿಂತ ಶಿವಾಜಿನಗರದ ಬಸ್ಸೇ ಇಷ್ಟ. 2023ರ ಜೂನ್ 11ರಿಂದ ಜಾರಿಗೆ ಬಂದ ಶಕ್ತಿ ಯೋಜನೆಯಲ್ಲಿ ಆಧಾರ್ ತೋರಿಸಿ ಶೂನ್ಯ ದರದ ಟಿಕೇಟು ಪಡೆಯುವಾಗ ಅವರ ಮುಖದಲ್ಲಿ ಒಂದು ಗತ್ತು ಕಾಣುತ್ತದೆ. ಮಗನ ಟಿಕೇಟಿಗೆ ತಾವೇ ಸೆರಗಿನ ಗಂಟು ಬಿಚ್ಚಿ ಹಣ ಕೊಡುತ್ತಾರೆ.

ಪತ್ರಕ್ಕೆ ಉತ್ತರ ಬಂದದ್ದು ಒಂದು ತಿಂಗಳ ಮೇಲೆ, ಇಂಗ್ಲಿಷಿನಲ್ಲಿ. ನಮ್ಮ ಅಮೂಲ್ಯ ಸಲಹೆಗಳಿಗೆ ವಂದನೆಗಳು. ಆದ ಅನನುಕೂಲಕ್ಕೆ ವಿಷಾದ. ಅದರ ದ್ಯೋತಕವಾಗಿ ಒಂದು ರಿಯಾಯಿತಿ ಕೂಪನ್ನು. ಮಗಳು ಅದನ್ನು ಗಟ್ಟಿಯಾಗಿ ಓದಿ ಕನ್ನಡದಲ್ಲಿ ಹೇಳುತ್ತಾ ಹೋದಳು. ಸರ್ಕಾರಿ ರಜೆಯ ದಿನಗಳಲ್ಲಿ ಇದು ಚಲಾವಣೆಯಾಗದು. ವಾಹನ ಶುಲ್ಕ ಪ್ರತ್ಯೇಕ.

ತಾಯಿಯವರು ಹೂಬತ್ತಿ ಹೊಸೆಯುತ್ತಾ ಕೇಳಿಸಿಕೊಳ್ಳುತ್ತಿದ್ದರು. "ಅದ್ರಾಗ ಎಷ್ಟ್ ಮಂದಿ ಅಂತ ಬರದಾರವ್ವಾ?" ಎಂದರು.

"ನಾಲ್ಕು, ಅಜ್ಜಿ" ಎಂದಳು ಮಗಳು.